ವಿದ್ಯಾರ್ಥಿವೇತನ: ಹೊರನಾಡಿನ ಕನ್ನಡ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

(ಕಳಂಬೋಲಿಯ ಪಾಲಕರು ಹಾಗೂ ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿದ ಭಾಷಣದ ಪೂರ್ಣಪಾಠ)



ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾದ ನಂತರದ ಕೆಲವು ವಾರಗಳು ಮಧ್ಯಮ ಮತ್ತು ಕೆಳ ಆದಾಯದ ಕುಟುಂಬಗಳಿಗೆ ಸಂತೋಷದ ಜೊತೆಗೆ ಚಿಂತೆಯನ್ನೂ ತರುತ್ತವೆ. ಮಗ ಅಥವಾ ಮಗಳು ಉತ್ತಮ ಅಂಕಗಳನ್ನು ಪಡೆದಿದ್ದರೂ ಕಾಲೇಜಿನ ಶುಲ್ಕ, ಪುಸ್ತಕ, ಪ್ರಯಾಣ ಮುಂತಾದ ವೆಚ್ಚಗಳನ್ನು ಮೂರು ನಾಲ್ಕು ವರ್ಷಗಳ ಕಾಲ ಭರಿಸುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಅನೇಕ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯದೆ ವಿದ್ಯಾರ್ಥಿಯು ಓದನ್ನು ನಿಲ್ಲಿಸಿ ದುಡಿಮೆಗೆ ಸೇರುತ್ತಾನೆ. ಹೆಣ್ಣುಮಕ್ಕಳಾದರೆ ಮನೆಯಲ್ಲಿಯೇ ಉಳಿಯುತ್ತಾರೆ. ಇಂತಹ ಸಂದರ್ಭದಲ್ಲಿ ನೆರವಾಗಲೆಂದೇ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಲವು ವಿದ್ಯಾರ್ಥಿವೇತನ ಯೋಜನೆಗಳನ್ನು ರೂಪಿಸಿವೆ. ಆದರೆ ಯೋಜನೆ ಇರುವುದು ಒಂದು ಸಂಗತಿ, ಅದು ಅರ್ಹ ವಿದ್ಯಾರ್ಥಿಯ ಕೈಸೇರುವುದು ಮತ್ತೊಂದು ಸಂಗತಿ.

ಈ ಅಂತರವು ಕಳಂಬೋಲಿಯಂತಹ ಊರಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. 1970ರಲ್ಲಿ ಸ್ಥಾಪನೆಗೊಂಡ ಸಿಡ್ಕೊ ಸಂಸ್ಥೆಯು ನಿರ್ಮಿಸಿದ ನವಿ ಮುಂಬಯಿಯ ಬಡಾವಣೆಗಳಲ್ಲಿ ಕಳಂಬೋಲಿಯೂ ಒಂದು. ರಾಯಗಡ ಜಿಲ್ಲೆಯ ಪನ್ವೇಲ್ ತಾಲ್ಲೂಕಿಗೆ ಸೇರಿದ ಈ ಊರು 2016ರಿಂದ ಪನ್ವೇಲ್ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿದೆ. ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಮಾರುಕಟ್ಟೆ, ಸಮೀಪದ ತಳೋಜಾ ಕೈಗಾರಿಕಾ ಪ್ರದೇಶ, 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರು, ಮುಂಬಯಿ-ಪುಣೆ ದ್ರುತಮಾರ್ಗ ಇವೆಲ್ಲವೂ ದೇಶದ ನಾನಾ ಭಾಗಗಳ ದುಡಿಯುವ ಜನರನ್ನು ಈ ಪರಿಸರಕ್ಕೆ ಸೆಳೆದಿವೆ. ಕರ್ನಾಟಕದ ಕರಾವಳಿಯಿಂದ ಹೋಟೆಲು ವೃತ್ತಿಗೆ ಬಂದವರು, ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬಂದವರು, ಲಾರಿ ಸಾರಿಗೆಯನ್ನು ನೆಚ್ಚಿದವರು ನವಿ ಮುಂಬಯಿಯಾದ್ಯಂತ ನೆಲೆಸಿದ್ದಾರೆ. ಇವರ ಮನೆ ಮಹಾರಾಷ್ಟ್ರದಲ್ಲಿದೆ. ಜಾತಿಯ ಮತ್ತು ಜಮೀನಿನ ದಾಖಲೆಗಳು ಕರ್ನಾಟಕದಲ್ಲಿವೆ. ಮಕ್ಕಳು ಓದುವುದು ರಾಜ್ಯ ಮಂಡಳಿಯಲ್ಲಾಗಲಿ ಕೇಂದ್ರೀಯ ಮಂಡಳಿಯಲ್ಲಾಗಲಿ ಇರಬಹುದು.

ಪ್ರತಿಯೊಂದು ವಿದ್ಯಾರ್ಥಿವೇತನವೂ ವಿದ್ಯಾರ್ಥಿಗೆ ಮೊದಲು ಕೇಳುವ ಪ್ರಶ್ನೆ, "ನೀನು ಎಲ್ಲಿಗೆ ಸೇರಿದವನು?" ಎಂಬುದು. ಒಂದು ಯೋಜನೆಯು ಪರೀಕ್ಷಾ ಮಂಡಳಿಯನ್ನು ನೋಡುತ್ತದೆ, ಇನ್ನೊಂದು ಮೂಲ ರಾಜ್ಯವನ್ನು, ಮತ್ತೊಂದು ವಾಸದ ರಾಜ್ಯವನ್ನು, ಬೇರೊಂದು ತಂದೆತಾಯಿಗಳ ದುಡಿಮೆಯ ಸ್ಥಳವನ್ನು. ಈ ವ್ಯತ್ಯಾಸವನ್ನು ಅರಿಯದೆ ಅರ್ಜಿ ಸಲ್ಲಿಸಿದ ಹೊರನಾಡಿನ ವಿದ್ಯಾರ್ಥಿಯು ಎರಡೂ ರಾಜ್ಯಗಳ ನೆರವಿನಿಂದ ವಂಚಿತನಾಗುವ ಸಂಭವವಿದೆ. ಅರಿತು ಸಲ್ಲಿಸಿದರೆ ಅವನಿಗೂ ದಾರಿಗಳುಂಟು.

ವಿದ್ಯಾರ್ಥಿವೇತನದ ಹಿನ್ನೆಲೆ

ವಿದ್ಯಾರ್ಥಿವೇತನವು ದಾನವಲ್ಲ, ಸಮಾಜವು ತನ್ನ ಮುಂದಿನ ಪೀಳಿಗೆಗಾಗಿ ತೊಡಗಿಸುವ ಬಂಡವಾಳ. ಇದಕ್ಕೆ ರಾಯಗಡ ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಆಗ ಕುಲಾಬಾ ಎಂದು ಕರೆಯಲ್ಪಡುತ್ತಿದ್ದ ಈ ಜಿಲ್ಲೆಯಲ್ಲಿ, ರಾಯಗಡ ಕೋಟೆಯ ಸಮೀಪದ ನಾತೆ ಗ್ರಾಮದಲ್ಲಿ 1896ರಲ್ಲಿ ಜನಿಸಿದ ಸಿ. ಡಿ. ದೇಶಮುಖ್ ಅವರು 1912ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, ಸಂಸ್ಕೃತಕ್ಕೆ ಮೀಸಲಾದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವನ್ನು ಪಡೆದರು. ಮುಂದೆ ಅವರು 1943ರಲ್ಲಿ ರಿಸರ್ವ್ ಬ್ಯಾಂಕಿನ ಪ್ರಥಮ ಭಾರತೀಯ ಗವರ್ನರರಾದರು, ಸ್ವತಂತ್ರ ಭಾರತದ ಅರ್ಥಮಂತ್ರಿಗಳಾದರು, 1956ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿ ದೇಶದ ಉನ್ನತ ಶಿಕ್ಷಣಕ್ಕೆ ಮಾರ್ಗದರ್ಶನ ನೀಡಿದರು.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪದವಿ ಪಡೆದ ಡಾ. ಬಿ. ಆರ್. ಅಂಬೇಡ್ಕರ್ ಅವರಿಗೆ ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯ್ಯಾಜಿರಾವ್ ಗಾಯಕವಾಡರು 1913ರಲ್ಲಿ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಮೂರು ವರ್ಷಗಳ ವಿದ್ಯಾರ್ಥಿವೇತನವನ್ನು ನೀಡಿದರು. ಆ ನೆರವಿನಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಇಂತಹ ನೆರವು ಯಾವುದೋ ಒಬ್ಬ ಅರಸನ ಔದಾರ್ಯವನ್ನು ಅವಲಂಬಿಸಿರಬಾರದು, ಸರ್ಕಾರದ ಕರ್ತವ್ಯವಾಗಬೇಕು ಎಂಬುದು ಅವರ ನಿಲುವಾಗಿತ್ತು. ವೈಸರಾಯರ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ 1942ರಲ್ಲಿ ಅವರು ಸಲ್ಲಿಸಿದ ಮನವಿಪತ್ರದಲ್ಲಿ ಪರಿಶಿಷ್ಟ ಜಾತಿಗಳ ಉನ್ನತ ಶಿಕ್ಷಣಕ್ಕೆ ಸರ್ಕಾರದ ಹಣವನ್ನು ಕೋರಿದ್ದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯು 1944ರಲ್ಲಿ ಆರಂಭವಾಯಿತು. ಅದು ಇಂದಿಗೂ ದೇಶದ ವಿದ್ಯಾರ್ಥಿವೇತನ ವ್ಯವಸ್ಥೆಯ ಮುಖ್ಯ ಆಧಾರವಾಗಿದೆ.

ಪರೀಕ್ಷಾ ಮಂಡಳಿಯನ್ನು ಆಧರಿಸಿದ ನೆರವು

ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯವು ನಡೆಸುವ ಕೇಂದ್ರೀಯ ವಲಯದ ವಿದ್ಯಾರ್ಥಿವೇತನ ಯೋಜನೆಯು ಹೊರನಾಡಿನ ಕುಟುಂಬಗಳಿಗೆ ಅತ್ಯಂತ ಸುಲಭವಾಗಿ ಎಟಕುವಂಥದು. ಇದರಲ್ಲಿ ಮೂಲ ರಾಜ್ಯದ ಪ್ರಶ್ನೆಯೇ ಏಳುವುದಿಲ್ಲ. ವಿದ್ಯಾರ್ಥಿಯು ಯಾವ ಮಂಡಳಿಯ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾನೆ ಎಂಬುದಷ್ಟೇ ಮುಖ್ಯ. ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳು ಲಭ್ಯವಿದ್ದು, ಅವುಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲಾಗಿವೆ. ಕೇಂದ್ರೀಯ ಮಂಡಳಿಗಳ ಪಾಲನ್ನು ಬೇರ್ಪಡಿಸಿದ ಮೇಲೆ ಉಳಿದವುಗಳನ್ನು 18ರಿಂದ 25 ವರ್ಷ ವಯಸ್ಸಿನವರ ಜನಸಂಖ್ಯೆಗೆ ಅನುಗುಣವಾಗಿ ರಾಜ್ಯಗಳ ಮಂಡಳಿಗಳಿಗೆ ಹಂಚಲಾಗುತ್ತದೆ. ವಿಜ್ಞಾನ, ವಾಣಿಜ್ಯ ಮತ್ತು ಕಲಾ ವಿಭಾಗಗಳ ನಡುವಿನ ಹಂಚಿಕೆಯು 3:2:1ರ ಪ್ರಮಾಣದಲ್ಲಿರುತ್ತದೆ. ಕಳಂಬೋಲಿಯಲ್ಲಿದ್ದು ಮಹಾರಾಷ್ಟ್ರ ಮಂಡಳಿಯ ಪರೀಕ್ಷೆ ಬರೆದ ಕನ್ನಡಿಗ ವಿದ್ಯಾರ್ಥಿಯು ಮಹಾರಾಷ್ಟ್ರದ ಪಾಲಿನಲ್ಲಿಯೇ ಸ್ಪರ್ಧಿಸುತ್ತಾನೆ.

ಪದವಿಯ ಮೊದಲ ಮೂರು ವರ್ಷ ವಾರ್ಷಿಕ 12,000 ರೂಪಾಯಿ ಮತ್ತು ಸ್ನಾತಕೋತ್ತರ ಹಂತದಲ್ಲಿ ವಾರ್ಷಿಕ 20,000 ರೂಪಾಯಿ ದೊರೆಯುತ್ತದೆ. ವೃತ್ತಿಪರ ಶಿಕ್ಷಣವು ನಾಲ್ಕು ಅಥವಾ ಐದು ವರ್ಷಗಳದ್ದಾಗಿದ್ದರೆ ಕೊನೆಯ ವರ್ಷಗಳಿಗೆ 20,000 ರೂಪಾಯಿ ಲಭಿಸುತ್ತದೆ. ಮೂರು ವರ್ಷದ ಪದವಿ ಮತ್ತು ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗವನ್ನು ಪೂರೈಸುವ ವಿದ್ಯಾರ್ಥಿಗೆ ಒಟ್ಟು 76,000 ರೂಪಾಯಿ ದೊರೆತಂತಾಗುತ್ತದೆ. ಕುಟುಂಬದ ವಾರ್ಷಿಕ ಆದಾಯವು ನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಮೀರಿರಬಾರದು. ವ್ಯಾಸಂಗವು ನಿಯತ ಕ್ರಮದ್ದಾಗಿರಬೇಕು, ಅಂಚೆ ಶಿಕ್ಷಣವಾಗಲಿ ಡಿಪ್ಲೊಮಾ ಆಗಲಿ ಆಗಿರಬಾರದು. ಬೇರೊಂದು ವಿದ್ಯಾರ್ಥಿವೇತನವನ್ನು ಪಡೆಯುತ್ತಿರಬಾರದು.

ಅಂಕಗಳ ನಿಬಂಧನೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಿಯಮದಲ್ಲಿರುವುದು ಎಂಬತ್ತು "ಪರ್ಸೆಂಟೈಲ್". ಶೇಕಡ ಎಂಬತ್ತು ಅಂಕಗಳಲ್ಲ. ಆಯಾ ಮಂಡಳಿಯಲ್ಲಿ ಆಯಾ ವಿಭಾಗದಿಂದ ತೇರ್ಗಡೆಯಾದವರನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿದಾಗ ಮೇಲಿನ ಐದನೆಯ ಒಂದು ಭಾಗದಲ್ಲಿ ಬರುವವರು ಅರ್ಹರು ಎಂಬುದು ಇದರ ಅರ್ಥ. ಆ ಮಟ್ಟವು ಮಂಡಳಿಯಿಂದ ಮಂಡಳಿಗೆ, ವಿಭಾಗದಿಂದ ವಿಭಾಗಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಶೇಕಡ ಎಂಬತ್ತು ಬರಲಿಲ್ಲವೆಂದು ಅರ್ಜಿಯನ್ನೇ ಹಾಕದಿರುವುದು ಸರಿಯಲ್ಲ. ಪ್ರತಿ ವರ್ಷದ ನವೀಕರಣಕ್ಕೆ ಶೇಕಡ 50 ಅಂಕಗಳೂ ಶೇಕಡ 75 ಹಾಜರಾತಿಯೂ ಅವಶ್ಯಕ.

ಮೂಲ ರಾಜ್ಯವನ್ನು ಆಧರಿಸಿದ ನೆರವು

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ಹೊಸ ರೂಪ ನೀಡಿತು. ವೆಚ್ಚದಲ್ಲಿ ಶೇಕಡ 60 ಕೇಂದ್ರದ್ದು, ಶೇಕಡ 40 ರಾಜ್ಯದ್ದು ಎಂದು ಆಗ ನಿಗದಿಯಾಯಿತು. ಕುಟುಂಬದ ಆದಾಯದ ಮಿತಿಯನ್ನು ಎರಡೂವರೆ ಲಕ್ಷ ರೂಪಾಯಿಗಳಿಗೆ ಗೊತ್ತುಪಡಿಸಲಾಯಿತು. ಮರಳಿ ದೊರೆಯದ ಕಡ್ಡಾಯ ಶುಲ್ಕಗಳ ಜೊತೆಗೆ, ವ್ಯಾಸಂಗದ ಬಗೆ ಹಾಗೂ ವಿದ್ಯಾರ್ಥಿನಿಲಯದ ವಾಸವನ್ನು ಅನುಸರಿಸಿ ವರ್ಷಕ್ಕೆ 2,500ರಿಂದ 13,500 ರೂಪಾಯಿಗಳವರೆಗೆ ಶೈಕ್ಷಣಿಕ ಭತ್ಯೆಯನ್ನು ಈ ನಿಯಮಾವಳಿಯಲ್ಲಿ ಒದಗಿಸಲಾಗಿದೆ.

ಇದನ್ನು ಮಂಜೂರು ಮಾಡುವುದು ವಿದ್ಯಾರ್ಥಿಯು ಓದುತ್ತಿರುವ ರಾಜ್ಯವಲ್ಲ; ಅವನು ಯಾವ ರಾಜ್ಯಕ್ಕೆ ಸೇರಿದವನೋ ಆ ರಾಜ್ಯ. ಇದರ ಹಿಂದೆ ಒಂದು ಕಾನೂನಿನ ತತ್ತ್ವವಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿಯನ್ನು ಸಂವಿಧಾನವು ರಾಜ್ಯವಾರಾಗಿ ಗುರುತಿಸುತ್ತದೆ. ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ, ತಂದೆಯ ಉದ್ಯೋಗದ ನಿಮಿತ್ತ ಬಾಲ್ಯದಲ್ಲಿಯೇ ಮುಂಬಯಿಗೆ ಬಂದ ವಿದ್ಯಾರ್ಥಿಯೊಬ್ಬರು ಇಲ್ಲಿನ ವೈದ್ಯಕೀಯ ಶಿಕ್ಷಣದಲ್ಲಿ ಮೀಸಲು ಸ್ಥಾನ ಕೋರಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1990ರಲ್ಲಿ ತೀರ್ಪು ನೀಡಿತು. ಒಂದು ರಾಜ್ಯದ ಪಟ್ಟಿಯಲ್ಲಿ ಸೇರಿರುವ ಸ್ಥಾನಮಾನವು ವಲಸೆಯ ಜೊತೆಯಲ್ಲಿ ಮತ್ತೊಂದು ರಾಜ್ಯಕ್ಕೆ ತಾನಾಗಿಯೇ ಬರುವುದಿಲ್ಲ ಎಂದು ಅದು ಸ್ಪಷ್ಟಪಡಿಸಿತು. ಮರ್ರಿ ಚಂದ್ರಶೇಖರ ರಾವ್ ಮೊಕದ್ದಮೆ ಎಂದು ಪ್ರಸಿದ್ಧವಾದ ಈ ತೀರ್ಪು ನವಿ ಮುಂಬಯಿಯ ಪ್ರತಿಯೊಂದು ವಲಸೆ ಕುಟುಂಬಕ್ಕೂ ಇಂದಿಗೂ ಅನ್ವಯಿಸುತ್ತದೆ.

ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಯಾರಿಗೆ ದೊರೆಯುತ್ತದೆ ಎಂಬುದನ್ನು ನಿರ್ಧರಿಸಲು ಕೆಲವು ದಿನಾಂಕಗಳಿವೆ. ಕುಟುಂಬವು ಪರಿಶಿಷ್ಟ ಜಾತಿಯದಾದರೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡದ್ದಾದರೆ 1950ರ ಸೆಪ್ಟೆಂಬರ್ 6, ವಿಮುಕ್ತ ಮತ್ತು ಅಲೆಮಾರಿ ಜಾತಿಗಳದ್ದಾದರೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗದ್ದಾದರೆ 1967ರ ಅಕ್ಟೋಬರ್ 13ಕ್ಕೆ ಮೊದಲಿನಿಂದ ಮಹಾರಾಷ್ಟ್ರದಲ್ಲಿ ವಾಸವಾಗಿತ್ತೆಂಬುದಕ್ಕೆ ದಾಖಲೆ ಇರಬೇಕು. ಅಜ್ಜ ಓದಿದ ಶಾಲೆಯ ರಿಜಿಸ್ಟರಿನ ನಕಲಿನಂತಹ ಹಳೆಯ ಕಾಗದವು ಇಲ್ಲಿ ಬಹಳ ಬೆಲೆಯುಳ್ಳದ್ದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರುಳ್ಳ ಕುಟುಂಬಗಳು ಅಂತಹ ದಾಖಲೆಗಳನ್ನು ಹುಡುಕಿಸಿ ತೆಗೆಸಿಟ್ಟುಕೊಳ್ಳುವುದು ಲೇಸು.

ಆ ದಿನಾಂಕಗಳ ತರುವಾಯ ಬಂದ ಕುಟುಂಬಗಳು ನಿರಾಶರಾಗಬೇಕಿಲ್ಲ. ಅವರು ಕರ್ನಾಟಕದ ಸವಲತ್ತನ್ನು ಕಳೆದುಕೊಂಡಿಲ್ಲ. ತಂದೆಯ ಊರಿನ ತಹಶೀಲ್ದಾರರಿಂದ ನಾಡಕಚೇರಿಯ ಮೂಲಕ ಪಡೆದ ಜಾತಿ ಪ್ರಮಾಣಪತ್ರ, ಅದರ ಮೇಲಿನ ಆರ್.ಡಿ. ಸಂಖ್ಯೆ ಇವುಗಳನ್ನು ಸಿದ್ಧವಾಗಿಟ್ಟುಕೊಂಡು, ಹೊರರಾಜ್ಯದಲ್ಲಿ ಓದುವವರಿಗಿರುವ ನಿಯಮಗಳನ್ನು ತಮ್ಮ ಮೂಲ ಜಿಲ್ಲೆಯ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗಲೇ ಈ ಕೆಲಸವನ್ನು ಮುಗಿಸಿದರೆ ಜೂನ್ ತಿಂಗಳ ಓಡಾಟ ತಪ್ಪುತ್ತದೆ.

ವಾಸವನ್ನು ಆಧರಿಸಿದ ನೆರವು

ಆದಾಯ ಮತ್ತು ವಾಸವನ್ನು ಮುಖ್ಯವಾಗಿ ನೋಡುವ ಯೋಜನೆಗಳೂ ಮಹಾರಾಷ್ಟ್ರದಲ್ಲಿವೆ. ರಾಜರ್ಷಿ ಛತ್ರಪತಿ ಶಾಹು ಮಹಾರಾಜರ ಹೆಸರಿನ ಶಿಕ್ಷಣ ಶುಲ್ಕ ಯೋಜನೆಯಡಿ, ವಾರ್ಷಿಕ ಎಂಟು ಲಕ್ಷ ರೂಪಾಯಿಗಳೊಳಗಿನ ಆದಾಯವುಳ್ಳ ಸಾಮಾನ್ಯ ವರ್ಗದ ಕುಟುಂಬಗಳ ಮಕ್ಕಳಿಗೆ ನಿಗದಿತ ವ್ಯಾಸಂಗಗಳ ಬೋಧನಾ ಶುಲ್ಕದಲ್ಲಿ ರಿಯಾಯಿತಿ ದೊರೆಯುತ್ತದೆ. ಆರ್ಥಿಕವಾಗಿ ದುರ್ಬಲ ವರ್ಗ, ಸಾಮಾಜಿಕ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗ ಹಾಗೂ ಇತರ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ಇದೇ ಆದಾಯ ಮಿತಿಯಲ್ಲಿ ವೃತ್ತಿಪರ ವ್ಯಾಸಂಗಗಳ ಬೋಧನಾ ಮತ್ತು ಪರೀಕ್ಷಾ ಶುಲ್ಕವನ್ನು ಪೂರ್ತಿಯಾಗಿ ಭರಿಸುವ ನಿರ್ಣಯವನ್ನು ರಾಜ್ಯ ಸರ್ಕಾರವು 2024ರ ಜುಲೈಯಲ್ಲಿ ಕೈಗೊಂಡಿತು. ಇವುಗಳಿಗೆ "ಮಹಾಡಿಬಿಟಿ" ಎಂಬ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು.

ಇಲ್ಲಿ ಬೇಕಾಗುವ ಮುಖ್ಯ ದಾಖಲೆ ಅಧಿವಾಸ ಪ್ರಮಾಣಪತ್ರ, ಅಂದರೆ ಜನರು ಡೊಮಿಸಾಯಿಲ್ ಎಂದು ಕರೆಯುವ ಪತ್ರ. ಇದಕ್ಕೆ ಸಾಮಾನ್ಯವಾಗಿ ಹದಿನೈದು ವರ್ಷಗಳ ನಿರಂತರ ವಾಸದ ಪುರಾವೆ ಬೇಕು. ಮನೆ ಬದಲಾಯಿಸಿದಾಗಲೆಲ್ಲ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ರೇಷನ್ ಕಾರ್ಡಿನ ಹಳೆಯ ಪ್ರತಿ ಇವುಗಳನ್ನು ಎಸೆಯದೆ ಕಾಪಾಡಿಕೊಂಡ ಕುಟುಂಬಕ್ಕೆ ಇದು ಸುಲಭ. ಆದಾಯ ಮತ್ತು ಅಧಿವಾಸ ಪ್ರಮಾಣಪತ್ರಗಳಿಗಾಗಿ ಕಳಂಬೋಲಿಯವರು ಪನ್ವೇಲಿನ ತಹಶೀಲ್ದಾರ್ ಕಚೇರಿಗೆ ಅಥವಾ "ಆಪಲೇ ಸರ್ಕಾರ್" ಸೇವಾ ಕೇಂದ್ರಕ್ಕೆ ಅರ್ಜಿ ಸಲ್ಲಿಸಬೇಕು.

ತಂದೆತಾಯಿಗಳ ದುಡಿಮೆಯನ್ನು ಆಧರಿಸಿದ ನೆರವು

ಅತಿ ಕಡಿಮೆ ಪ್ರಚಾರ ಪಡೆದಿರುವುದು ಈ ಬಗೆಯ ನೆರವು. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗೆ ಸಂಬಂಧಿಸಿದ ಕಾನೂನಿನ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನಗಳಿಗೆ ಕಡಿಮೆಯಿಲ್ಲದೆ ನಿರ್ಮಾಣ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕನು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕಾನೂನು ನೋಡುವುದು ಅವನು ಮಾಡಿದ ಕೆಲಸವನ್ನು. ಅವನು ಹುಟ್ಟಿದ ರಾಜ್ಯವನ್ನಲ್ಲ. ಮಹಾರಾಷ್ಟ್ರದ ಮಂಡಳಿಯು ನೋಂದಾಯಿತ ಕಾರ್ಮಿಕರ ಮೊದಲ ಇಬ್ಬರು ಮಕ್ಕಳಿಗೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಲ್ಲಿ ವಾರ್ಷಿಕ 10,000, ಪದವಿಗೆ 20,000, ಎಂಜಿನಿಯರಿಂಗ್ ಪದವಿಗೆ 60,000, ವೈದ್ಯಕೀಯ ಪದವಿಗೆ ಒಂದು ಲಕ್ಷ ರೂಪಾಯಿಗಳ ಸಹಾಯವನ್ನು ತನ್ನ ಯೋಜನೆಗಳಲ್ಲಿ ಸೇರಿಸಿದೆ. ವಿಜಯಪುರದಿಂದಲೋ ಕಲಬುರಗಿಯಿಂದಲೋ ಬಂದು ಗಾರೆ ಕೆಲಸ ಮಾಡುವ ತಂದೆಯ ಮಗಳಿಗೆ ಇದು ಕಾಲೇಜಿನ ಬಾಗಿಲನ್ನೇ ತೆರೆಯಬಲ್ಲುದು. ಆದರೆ ತಂದೆಯ ನೋಂದಣಿಯು ಚಾಲ್ತಿಯಲ್ಲಿರಬೇಕು. ಮಗಳ ಪ್ರವೇಶದ ಸಮಯದಲ್ಲಿ ಅವಸರದಿಂದ ನೋಂದಾಯಿಸಲು ಹೊರಟರೆ ಕಾಲ ಮೀರಿಹೋಗುವ ಸಂಭವವುಂಟು.

ಹಾಗೆಯೇ, ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯವು ನೀಡುವ ಶೈಕ್ಷಣಿಕ ನೆರವಿನಲ್ಲಿ ಪದವಿಗೆ ವಾರ್ಷಿಕ 6,000 ಹಾಗೂ ವೃತ್ತಿಪರ ಪದವಿಗೆ 25,000 ರೂಪಾಯಿ ದೊರೆಯುತ್ತದೆ. ತಾಯಿ ಊರಿನಲ್ಲಿದ್ದು ಬೀಡಿ ಕಟ್ಟುತ್ತಿದ್ದು ಗುರುತಿನ ಚೀಟಿ ಹೊಂದಿದ್ದರೆ, ದಕ್ಷಿಣ ಕನ್ನಡದ ಇಂತಹ ಕುಟುಂಬಗಳು ಈ ಯೋಜನೆಯನ್ನು ಗಮನಿಸಬೇಕು.

ವ್ಯಾಸಂಗವನ್ನು ಆಧರಿಸಿದ ನೆರವು

ತಾಂತ್ರಿಕ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ "ಪ್ರಗತಿ" ವಿದ್ಯಾರ್ಥಿವೇತನವು ವರ್ಷಕ್ಕೆ 50,000 ರೂಪಾಯಿ ನೀಡುತ್ತದೆ. ಆದಾಯದ ಮಿತಿ ಎಂಟು ಲಕ್ಷ. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಅವಕಾಶವಿದೆ. ಅಂಗವೈಕಲ್ಯವುಳ್ಳವರಿಗೆ ಇದೇ ಮಂಡಳಿಯ "ಸಕ್ಷಮ" ಯೋಜನೆಯಿದೆ. ಸ್ನಾತಕೋತ್ತರ ವ್ಯಾಸಂಗಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2023-24ರಿಂದ 10,000 ವಿದ್ಯಾರ್ಥಿವೇತನಗಳ ಯೋಜನೆಯನ್ನು ಜಾರಿಗೆ ತಂದಿತು. ವರ್ಷದ ಹತ್ತು ತಿಂಗಳು, ತಿಂಗಳಿಗೆ 15,000 ರೂಪಾಯಿಗಳಂತೆ ಅದರ ಮೊತ್ತ.

ವಿದ್ಯಾರ್ಥಿವೇತನ ಸಾಲದಾದಾಗ ಶಿಕ್ಷಣ ಸಾಲದ ಆಸರೆಯೂ ಇದೆ. 2024ರ ನವೆಂಬರ್ 6ರಂದು ಸಂಪುಟದ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯು ಆಯ್ದ ಉನ್ನತ ದರ್ಜೆಯ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ಒದಗಿಸುತ್ತದೆ. ಎಂಟು ಲಕ್ಷದವರೆಗಿನ ಆದಾಯವುಳ್ಳ ಕುಟುಂಬಗಳಿಗೆ ಹತ್ತು ಲಕ್ಷ ರೂಪಾಯಿಗಳವರೆಗಿನ ಸಾಲದ ಮೇಲೆ, ಮರುಪಾವತಿ ಆರಂಭವಾಗುವ ಮುನ್ನಿನ ಅವಧಿಗೆ ಶೇಕಡ 3ರ ಬಡ್ಡಿ ಸಹಾಯಧನವನ್ನು ಅದರಲ್ಲಿ ಕಲ್ಪಿಸಲಾಗಿದೆ.

ಅರ್ಜಿಗಳು ತಿರಸ್ಕೃತವಾಗುವುದೇಕೆ?

ಕೇಂದ್ರದ ಬಹುತೇಕ ವಿದ್ಯಾರ್ಥಿವೇತನಗಳಿಗೆ 2015ರಲ್ಲಿ ಆರಂಭವಾದ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣವೇ ಹೆಬ್ಬಾಗಿಲು. 2024-25ರಿಂದ ಇಲ್ಲಿ ಪ್ರತಿ ವಿದ್ಯಾರ್ಥಿಯೂ ಒಮ್ಮೆ ನೋಂದಾಯಿಸಿಕೊಂಡು 14 ಅಂಕಿಗಳ ಸಂಖ್ಯೆಯನ್ನು ಪಡೆಯಬೇಕು. ಆ ಸಂಖ್ಯೆಯೇ ಮುಂದಿನ ಎಲ್ಲ ವರ್ಷಗಳಿಗೂ ಸಾಕು. ಅರ್ಜಿಗೆ ಯಾವ ಶುಲ್ಕವೂ ಇಲ್ಲ. ಹಣ ಕೊಟ್ಟರೆ ವಿದ್ಯಾರ್ಥಿವೇತನ ಮಂಜೂರು ಮಾಡಿಸುತ್ತೇವೆನ್ನುವ ಮಧ್ಯವರ್ತಿಗಳನ್ನು ನಂಬಲಾಗದು.

ಅರ್ಹರ ಅರ್ಜಿಗಳೂ ತಿರಸ್ಕೃತವಾಗುವುದಕ್ಕೆ ಹೊರನಾಡಿನವರಲ್ಲಿ ಮುಖ್ಯ ಕಾರಣ ಹೆಸರಿನ ವ್ಯತ್ಯಾಸ. ಕರ್ನಾಟಕದ ದಾಖಲೆಗಳಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನಿಟ್ಟು ಹೆಸರು ಬರೆಯುವ ಪದ್ಧತಿಯುಂಟು. ಮಹಾರಾಷ್ಟ್ರದ ಶಾಲಾ ದಾಖಲೆಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂಬ ಕ್ರಮವಿರುತ್ತದೆ. ಆಧಾರ್, ಅಂಕಪಟ್ಟಿ, ಬ್ಯಾಂಕು ಖಾತೆ, ಜಾತಿ ಪ್ರಮಾಣಪತ್ರ ಈ ನಾಲ್ಕರಲ್ಲಿಯೂ ಹೆಸರು ಬೇರೆ ಬೇರೆಯಾಗಿದ್ದರೆ ಗಣಕಯಂತ್ರವು ಒಬ್ಬನೇ ವಿದ್ಯಾರ್ಥಿಯನ್ನು ನಾಲ್ವರೆಂದು ತಿಳಿಯುತ್ತದೆ. ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿ ತುಂಬುವಾಗಲೇ ಹೆಸರನ್ನು ಒಂದೇ ರೂಪಕ್ಕೆ ತರುವುದು ಉತ್ತಮ.

ಎರಡನೆಯದಾಗಿ, ಹಣವು ನೇರವಾಗಿ ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುವುದರಿಂದ, ವಿದ್ಯಾರ್ಥಿಯ ಸ್ವಂತ ಹೆಸರಿನ ಖಾತೆಯು ಜೋಡಣೆಯಾಗಿ ಚಾಲ್ತಿಯಲ್ಲಿರಬೇಕು. ಮೂರನೆಯದಾಗಿ, ಕಾಲೇಜು ಪರಿಶೀಲಿಸಿ ಮುಂದೆ ಕಳುಹಿಸದ ಅರ್ಜಿಯು ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ಅರ್ಜಿ ಸಲ್ಲಿಸಿದ ಮೇಲೆ ಕಾಲೇಜಿನ ಸಂಬಂಧಪಟ್ಟ ಅಧಿಕಾರಿಯನ್ನು ಕಂಡು ಪರಿಶೀಲನೆಯಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ನಾಲ್ಕನೆಯದಾಗಿ, ನವೀಕರಣವನ್ನು ಮರೆತ ಕಾರಣದಿಂದಲೇ ಎರಡನೆಯ ವರ್ಷದಲ್ಲಿ ವೇತನ ನಿಂತುಹೋದ ಉದಾಹರಣೆಗಳು ಕಡಿಮೆಯಲ್ಲ.

ಒಂದಕ್ಕಿಂತ ಹೆಚ್ಚು ಯೋಜನೆಗಳಿಗೆ ಅರ್ಹತೆಯಿದ್ದರೆ ಪ್ರತಿಯೊಂದರ ಮೊತ್ತ, ಅವಧಿ ಮತ್ತು ನವೀಕರಣದ ನಿಬಂಧನೆಗಳನ್ನು ಹೋಲಿಸಿ ಆಯ್ಕೆ ಮಾಡಬೇಕು. ಒಟ್ಟಿಗೆ ಎರಡನ್ನು ಪಡೆಯಲು ನಿಯಮವು ಒಪ್ಪದಿದ್ದಲ್ಲಿ, ಮುಚ್ಚಿಟ್ಟು ಪಡೆದ ಹಣವನ್ನು ಹಿಂದಿರುಗಿಸಬೇಕಾದೀತು.

ಸಂಘಸಂಸ್ಥೆಗಳ ಹೊಣೆ

ಮುಂಬಯಿಯ ಕನ್ನಡಿಗರಿಗೆ ಪರಸ್ಪರ ನೆರವಿನ ಪರಂಪರೆ ಹೊಸತಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು ಮುಂದೆ ತಾವೇ ಸಂಘಗಳನ್ನು ಕಟ್ಟಿ ಇತರರ ಓದಿಗೆ ಆಸರೆಯಾದರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಶಿಕ್ಷಣಕ್ಕೆ ಸಲ್ಲಿಸಿರುವ ಸೇವೆ ಸರ್ವವಿದಿತ. ಈ ಸಂಸ್ಥೆಗಳ ನೆರವನ್ನು ಕೋರುವುದರಲ್ಲಿ ಸಂಕೋಚ ಬೇಡ. ಸಣ್ಣ ಊರುಗಳ ಸಂಘಗಳಿಗೆ ಹಣ ಹಂಚುವ ಶಕ್ತಿ ಇಲ್ಲದಿರಬಹುದು. ಆದರೆ ಜೂನ್ ಮತ್ತು ಜುಲೈ ತಿಂಗಳ ಭಾನುವಾರಗಳಂದು ತಿಳಿದ ಇಬ್ಬರು ಯುವಕರನ್ನು ಕೂರಿಸಿ, ಬಂದವರ ದಾಖಲೆಗಳನ್ನು ನೋಡಿ ಅರ್ಜಿ ತುಂಬಿಕೊಡುವ ವ್ಯವಸ್ಥೆ ಮಾಡಬಹುದು. ಅಕ್ಷರ ಬಾರದ ತಂದೆತಾಯಿಗಳಿಗೆ ಈ ಸೇವೆಯು ಹಣದ ನೆರವಿಗಿಂತಲೂ ಮಿಗಿಲಾದುದು.

ಮಗು ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿರುವಾಗಲೇ ಪಾಲಕರು ಕುಳಿತು ಮೂರು ವಿಷಯಗಳನ್ನು ಬರೆದಿಟ್ಟುಕೊಳ್ಳಲಿ: ಮಗುವಿನ ಪರೀಕ್ಷಾ ಮಂಡಳಿ ಯಾವುದು, ಜಾತಿ ಮತ್ತು ಅಧಿವಾಸದ ದಾಖಲೆಗಳು ಯಾವ ರಾಜ್ಯದಲ್ಲಿ ದೊರೆಯುತ್ತವೆ, ತಂದೆತಾಯಿಗಳ ದುಡಿಮೆಗೆ ಸಂಬಂಧಿಸಿದ ಮಂಡಳಿಯಲ್ಲಿ ನೋಂದಣಿಯಾಗಿದೆಯೇ. ಈ ಮೂರಕ್ಕೆ ಉತ್ತರ ಸಿದ್ಧವಾಗಿದ್ದರೆ ಫಲಿತಾಂಶದ ದಿನ ಯಾವ ಕಚೇರಿಗೆ ಹೋಗಬೇಕೆಂಬ ಗೊಂದಲವಿರುವುದಿಲ್ಲ. ಸರ್ಕಾರವು ಒದಗಿಸಿರುವ ಈ ಸೌಲಭ್ಯಗಳನ್ನು ಕಳಂಬೋಲಿಯ ಕನ್ನಡ ಕುಟುಂಬಗಳು ಸಕಾಲದಲ್ಲಿ ಬಳಸಿಕೊಂಡು, ಹಣದ ಅಭಾವದಿಂದ ಯಾವ ಮಗುವಿನ ಓದೂ ನಿಲ್ಲದಂತೆ ನೋಡಿಕೊಳ್ಳಬೇಕಾಗಿದೆ.